ಸ್ತನದ ಶಸ್ತ್ರಕ್ರಿಯೆಯ ನಂತರ: ಉತ್ತರ ಹೇಳಬೇಕಾದವರು ಯಾರು?

ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಪ್ರಾರಂಭವಾಯಿತು. ಕ್ಯಾನ್ಸರ್ ಚಿಕಿತ್ಸೆಗಾಗಿ ಅಲ್ಲಿಗೂ ಇತರ ದೊಡ್ಡ ಆಸ್ಪತ್ರೆಗಳಿಗೂ ಹೋಗುವವರಲ್ಲಿ ನಮ್ಮ ಕನ್ನಡದ ತಾಯಂದಿರೂ ಇದ್ದಾರೆ. ಅಲ್ಲಿ ವೈದ್ಯರ ಮಾತು ಹಿಂದಿ, ಮರಾಠಿ, ಇಲ್ಲವೆ ಇಂಗ್ಲಿಷು. ಕಚೇರಿಯಲ್ಲೋ ಹೋಟೆಲಿನಲ್ಲೋ ದುಡಿಯುವ ಗಂಡನಿಗೆ ಆ ಭಾಷೆ ಬರುತ್ತದೆ. ಹೆಂಡತಿಗೆ ಅನೇಕ ವೇಳೆ ಕನ್ನಡವೊಂದೇ. “ಸ್ತನವನ್ನು ತೆಗೆದ ಮೇಲೆ ಅದರ ಪುನಾರಚನೆ ಬೇಕೆ?” ಎಂದು ವೈದ್ಯರು ಕೇಳಿದರೆ, ಆಕೆಗೆ ತಿಳಿಸುವ ಮೊದಲೇ “ಈ ವಯಸ್ಸಿನಲ್ಲಿ ಅದೇಕೆ?” ಎಂದು ಗಂಡನೇ ಉತ್ತರ ಕೊಟ್ಟುಬಿಡಬಹುದು. ಇದು ಸರಿಯಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ, ಇಡೀ ಸ್ತನವನ್ನು ತೆಗೆಯಲೇಬೇಕೆ ಎಂಬುದು. ಗಡ್ಡೆ ಚಿಕ್ಕದಾಗಿದ್ದರೆ ಅದನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಸ್ಸು ಕಡಿಮೆಯಾಗುವುದಿಲ್ಲವೆಂದು ಇಟಲಿಯ ವೆರೊನೇಸಿ 1981ರಲ್ಲಿಯೂ ಅಮೆರಿಕದ ಫಿಷರ್ 1985ರಲ್ಲಿಯೂ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಆದರೆ ಎಲ್ಲರಿಗೂ ಇದು ಸಾಧ್ಯವಿಲ್ಲ.

ತೆಗೆಯಲೇಬೇಕಾದರೆ ಮುಂದೆ ಮೂರು ದಾರಿಗಳಿವೆ. ಒಂದು, ಹಾಗೆಯೇ ಇರುವುದು. ಎರಡು, ಒಳಉಡುಪಿನೊಳಗೆ ಕೃತಕ ಸ್ತನವನ್ನು ಇಟ್ಟುಕೊಳ್ಳುವುದು. ಇದಕ್ಕೆ ಇನ್ನೊಂದು ಶಸ್ತ್ರಕ್ರಿಯೆ ಬೇಕಿಲ್ಲ. ಮೂರು, ಪುನಾರಚನೆ.

ಪುನಾರಚನೆಯಲ್ಲಿ ಎರಡು ಬಗೆ. ಸಿಲಿಕೋನ್ ಚೀಲವನ್ನು ಒಳಗಿಡುವುದು ಮೊದಲನೆಯದು. ಶಸ್ತ್ರಕ್ರಿಯೆ ಚಿಕ್ಕದು, ಆದರೆ ಆ ಚೀಲ ಜೀವಮಾನವಿಡೀ ಬಾಳುವಂಥದಲ್ಲ, ಮುಂದೆ ಬದಲಾಯಿಸಬೇಕಾಗಬಹುದು. ವಿಕಿರಣ ಚಿಕಿತ್ಸೆ ಆದವರಲ್ಲಿ ಅದರ ಸುತ್ತ ಬಿಗಿತ, ನೋವು ಉಂಟಾಗುವ ಸಂಭವ ಹೆಚ್ಚು. ಹೊಟ್ಟೆಯ ಅಥವಾ ಬೆನ್ನಿನ ಮಾಂಸ, ಚರ್ಮ, ಕೊಬ್ಬುಗಳಿಂದ ಸ್ತನವನ್ನು ರೂಪಿಸುವುದು ಎರಡನೆಯದು. ಇದು ಸಹಜವಾಗಿ ಕಂಡೀತು. ಆದರೆ ಶಸ್ತ್ರಕ್ರಿಯೆ ದೀರ್ಘ, ಗಾಯ ಎರಡು ಕಡೆ. ಹಲವು ವಾರ ಕೊಡ ಎತ್ತುವಂತಿಲ್ಲ, ಮಗುವನ್ನು ಸೊಂಟದ ಮೇಲೆ ಹೊರುವಂತಿಲ್ಲ. ನಲ್ಲಿಯ ನೀರನ್ನು ಮಹಡಿಗೆ ಹೊರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ಕಷ್ಟ. ಯಾವ ಬಗೆಯಲ್ಲಾದರೂ ಮೊದಲಿನ ಸ್ಪರ್ಶಜ್ಞಾನ ಪೂರ್ತಿಯಾಗಿ ಮರಳುವುದು ಅಪರೂಪ.

ಪುನಾರಚನೆಯಿಂದ ರೋಗ ಮರುಕಳಿಸುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅದರಿಂದ ರೋಗ ಗುಣವಾಗುವುದೂ ಇಲ್ಲ. ಆದುದರಿಂದ ಅವಸರವೂ ಇಲ್ಲ. ಮೊದಲ ಶಸ್ತ್ರಕ್ರಿಯೆಯ ಜೊತೆಗೇ ಮಾಡಿಸಬಹುದು. ತಿಂಗಳುಗಳು, ವರ್ಷಗಳು ಕಳೆದ ಮೇಲೂ ಮಾಡಿಸಬಹುದು. ಆದರೆ ಜೊತೆಗೇ ಮಾಡಿಸುವ ಇಚ್ಛೆಯಿದ್ದರೆ ಮೊದಲೇ ಹೇಳಬೇಕು. ಚರ್ಮವನ್ನು ಎಷ್ಟು ಉಳಿಸಬೇಕೆಂಬುದು ಅದರ ಮೇಲೆ ನಿಂತಿದೆ. ವಿಕಿರಣ ಬೇಕಾದೀತೆ, ಒಟ್ಟು ಎಷ್ಟು ಸಲ ಶಸ್ತ್ರಕ್ರಿಯೆ, ಖರ್ಚೆಷ್ಟು, ವಿಮೆಯಿಂದ ಎಷ್ಟು ಬರುತ್ತದೆ ಎಂಬಿವನ್ನು ಬರೆದುಕೊಂಡು ಹೋಗಿ ಕೇಳುವುದು ಒಳ್ಳೆಯದು.

ಬೇಡವೆಂದವಳು ಧೈರ್ಯಗೆಟ್ಟವಳಲ್ಲ, ಬೇಕೆಂದವಳು ಶೋಕಿಯವಳಲ್ಲ. ಸ್ನಾನದ ಹೊತ್ತಿಗೆ ತನ್ನ ಮೈಯನ್ನು ದಿನವೂ ಕಾಣುವವಳು ಆಕೆಯೇ. ಜೊತೆಗೆ ಹೋಗುವ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ವೈದ್ಯರ ಮಾತನ್ನೆಲ್ಲ ಒಂದೂ ಬಿಡದೆ ಕನ್ನಡದಲ್ಲಿ ಆಕೆಗೆ ಹೇಳಿ. ಆಮೇಲೆ ಸುಮ್ಮನಿದ್ದು, ಆಕೆ ಕೊಟ್ಟ ಉತ್ತರವನ್ನೇ ವೈದ್ಯರಿಗೆ ಮುಟ್ಟಿಸಿ.