ಸಮೋಸದ ಎಣ್ಣೆಗೆ ಬೆಂಕಿ ಹತ್ತಿದ ದಿನ

ಎರಡು ವರ್ಷದ ಹಿಂದಿನ ರಂಝಾನ್. ಮಗ್ರಿಬ್ ಬಾಂಗ್‌ಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಒಂದು ಒಲೆಯಲ್ಲಿ ಗಂಜಿ, ಇನ್ನೊಂದರಲ್ಲಿ ಸಮೋಸ ಕರಿಯುವ ಎಣ್ಣೆ. ಮಗು ಅತ್ತಿತೆಂದು ಮನೆಯಾಕೆ ಒಳಗೆ ಹೋಗಿ ಬರುವಷ್ಟರಲ್ಲಿ ಬಾಣಲೆ ಹೊಗೆಯಾಡಿ, ಎಣ್ಣೆಗೇ ಬೆಂಕಿ ಹತ್ತಿಕೊಂಡಿತು. ನಾನು ಓಡಿದ್ದು ನಳ್ಳಿಯ ಕಡೆಗೆ! ಚೆಂಬು ತುಂಬ ನೀರು ಹಿಡಿದು ಬಂದ ನನ್ನ ಕೈಯನ್ನು ಉಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಗ್ಯಾಸ್ ಆಫ್ ಮಾಡಿ, ದೊಡ್ಡ ಮುಚ್ಚಳವೊಂದನ್ನು ಬದಿಯಿಂದ ಜಾರಿಸಿ ಬಾಣಲೆ ಮುಚ್ಚಿದರು. ಬೆಂಕಿ ಆರಿತು. ದಿನಾ ಮಕ್ಕಳಿಗೆ ಪಾಠ ಹೇಳುವ ನನಗೆ ಗೊತ್ತಿಲ್ಲದ್ದು, ಶಾಲೆಗೆ ಹೋಗದ ಉಮ್ಮನಿಗೆ ಗೊತ್ತಿತ್ತು.

ಕಳೆದ ಏಪ್ರಿಲ್‌ನಲ್ಲಿ ಅಗ್ನಿಶಾಮಕ ಠಾಣೆಯವರು ನಮ್ಮ ಮದ್ರಸಕ್ಕೆ ಬಂದಾಗ ಈ ಕಥೆ ಹೇಳಿದೆ. "ಉಸ್ತಾದರೇ, ನೀವು ಆ ನೀರು ಹಾಕಿದ್ದರೆ ಅವತ್ತು ಇಫ್ತಾರ್ ಹೊತ್ತಿಗೆ ನಾವು ನಿಮ್ಮ ಮನೆಯಲ್ಲಿ ಇರುತ್ತಿದ್ದೆವು" ಎಂದರು ಅವರಲ್ಲಿ ಹಿರಿಯರು. ನೀರು ಎಣ್ಣೆಗಿಂತ ಭಾರ. ತಳಕ್ಕೆ ಇಳಿದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಗೆ ನೀರಿಗಿಂತ 1,600 ಪಟ್ಟು ಹೆಚ್ಚು ಜಾಗ ಬೇಕು. ಹಾಗಾಗಿ ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎತ್ತಿ ಎಸೆಯುತ್ತದೆ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅವರ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಹಡಗಿಗೆ ಬೆಂಕಿ ಬಿದ್ದು, ಆರಿಸಲು ಹೋದ 60ಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ವಾರ. ನಮಗೆ ಇವರು ಗೊತ್ತಿರುವುದು ಸೈರನ್ ಕೇಳಿದಾಗ ಮಾತ್ರ. ಆದರೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದೂ, ಊರೂರು ತಿರುಗಿ ಇದನ್ನೆಲ್ಲ ಹೇಳಿಕೊಡುವುದೂ ಅವರದೇ ಕೆಲಸ.

ಗ್ಯಾಸಿನ ಬಗ್ಗೆ ಅವರು ಹೇಳಿದ್ದರಲ್ಲಿ ನನಗೆ ಹೆಚ್ಚು ನಾಟಿದ್ದು ಒಂದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದ ಕೂಡಲೇ ನಾವು ಮಾಡುವುದೇನು? ಲೈಟ್ ಹಾಕಿ ನೋಡುತ್ತೇವೆ, ಫ್ಯಾನ್ ಹಾಕುತ್ತೇವೆ. ಆ ಸ್ವಿಚ್ಚಿನ ಒಂದು ಕಿಡಿ ಸಾಕು. ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಬೆಂಕಿಯೇ ಹತ್ತಿದರೆ 101 ಅಥವಾ 112. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕಂತೆ. ನಮ್ಮ ಮನೆಯದ್ದು ಮದುವೆಯ ಕಾಲದ್ದು!

ನಮ್ಮಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫ್‌ನಲ್ಲಿ. ಅಲ್ಲಿನ ಫ್ಲ್ಯಾಟ್‌ನ ಸೀಲಿಂಗ್‌ನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಉಂಟು. ಊರಿನಲ್ಲಿ ಅದೇ ದುಡ್ಡಿನಲ್ಲಿ ಕಟ್ಟಿದ ಮನೆಯಲ್ಲಿ ಎಲ್ಲ ಕಿಟಕಿಗೂ ಗ್ರಿಲ್, ಹಿಂಬಾಗಿಲಿಗೆ ಬೀಗ, ಒಳಗೆ ಹೆಂಗಸರು ಮಕ್ಕಳು. ಕಳ್ಳನಿಗೆ ಹೆದರಿ ಮಾಡಿದ್ದು, ಸರಿ. ಆದರೆ ರಾತ್ರಿ ಹೊಗೆ ತುಂಬಿದರೆ ಕೀ ಎಲ್ಲಿ ಹುಡುಕುವುದು? ಆ ಹಿರಿಯರು ಇದನ್ನು ಕೇಳಿದಾಗ ನಮ್ಮ ಮಕ್ಕಳಲ್ಲಿ ಉತ್ತರ ಹೇಳಿದ್ದು ಇಬ್ಬರು ಮಾತ್ರ.

ಇನ್ನೊಂದು ನಾವು ಗಂಡಸರಿಗೆ. ಜುಮುಅ ದಿನ ಮಸೀದಿ ರಸ್ತೆಯಲ್ಲಿ ನಾವು ಬೈಕ್, ಕಾರು ನಿಲ್ಲಿಸುವ ಚಂದ ನೋಡಿದರೆ ಫೈರ್ ಇಂಜಿನ್ ಬಿಡಿ, ಆಟೋ ಕೂಡ ದಾಟುವುದಿಲ್ಲ.

ಮದೀನದಲ್ಲಿ ಒಂದು ರಾತ್ರಿ ಮನೆಯೊಂದು ಅದರಲ್ಲಿದ್ದವರ ಸಮೇತ ಸುಟ್ಟುಹೋದ ಸುದ್ದಿ ಪ್ರವಾದಿ(ಸ)ಯವರಿಗೆ ತಲುಪಿತು. ಬೆಂಕಿ ನಿಮ್ಮ ಶತ್ರು, ಮಲಗುವ ಮೊದಲು ಅದನ್ನು ಆರಿಸಿರಿ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದು ಆಗ. ಇಲಿ ದೀಪದ ಬತ್ತಿಯನ್ನು ಎಳೆದೊಯ್ದು ಮನೆ ಸುಡಬಹುದೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ನಾನು ಇದನ್ನು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬತ್ತಿ ಈಗ ಯಾರ ಮನೆಯಲ್ಲೂ ಇಲ್ಲ. ಮಂಚದ ಕೆಳಗೆ ಸೊಳ್ಳೆ ಬತ್ತಿ ಉಂಟು, ದಿಂಬಿನಡಿ ಚಾರ್ಜ್ ಆಗುವ ಮೊಬೈಲ್ ಉಂಟು, ಬಂದ್ ಮಾಡದ ರೆಗ್ಯುಲೇಟರ್ ಉಂಟು.

ಮದ್ರಸದಿಂದ ಮನೆಗೆ ಹೋದ ನನ್ನ ಮಗಳು ಮೊದಲು ಮಾಡಿದ್ದು, ಉಮ್ಮನ ದಿಂಬಿನಡಿಯಿದ್ದ ಹಿಂಬಾಗಿಲ ಕೀಯನ್ನು ತಂದು ಬಾಗಿಲ ಪಕ್ಕದ ಮೊಳೆಗೆ ತೂಗಿದ್ದು. ಉಮ್ಮ ಎರಡು ದಿನ ಗೊಣಗಿದರು. ಈಗ ಮಲಗುವ ಮೊದಲು ಅವರೇ ಹೋಗಿ ಮುಟ್ಟಿ ನೋಡುತ್ತಾರೆ.