ಇಂಗ್ಲಿಷು ಕಲಿಸಬರುವ ಶಿಕ್ಷಣಾರ್ಥಿನಿಯ ಧೈರ್ಯವೂ ಮಕ್ಕಳ ಮೌಲ್ಯಮಾಪನವೂ

ಪ್ರತಿ ವರ್ಷವೂ ತರಬೇತಿ ಕಾಲೇಜುಗಳಿಂದ ಕೆಲವು ಮಂದಿ ತರುಣಿಯರು ಅಭ್ಯಾಸ ಪಾಠಗಳಿಗಾಗಿ ನಮ್ಮ ಶಾಲೆಗೆ ಬರುತ್ತಾರೆ. ಮೊದಲನೆಯ ದಿನ ಅವರು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಪಾಠಟಿಪ್ಪಣಿಯ ಪುಸ್ತಕವೂ ಮುಖದಲ್ಲಿ ಅಂಜಿಕೆಯೂ ಕಾಣುತ್ತವೆ. ಇಂಗ್ಲಿಷು ಕಲಿಸಬೇಕಾದವರಲ್ಲಿ ಈ ಅಂಜಿಕೆ ಇನ್ನಷ್ಟು ಹೆಚ್ಚು. ಗಣಿತ ಕಲಿಸುವವಳಿಗೆ ಲೆಕ್ಕ ತಪ್ಪೀತೆಂಬ ಚಿಂತೆ ಮಾತ್ರ. ಇಂಗ್ಲಿಷು ಕಲಿಸುವವಳಿಗಾದರೋ ಬಾಯಿ ತೆರೆದಾಗಲೆಲ್ಲ ತನ್ನ ಮಾತೇ ಪರೀಕ್ಷೆಗೆ ಗುರಿಯಾಗುತ್ತದೆಂಬ ಚಿಂತೆ. ಅವರಿಗೂ, ಮುಂದೆ ಉಪಾಧ್ಯಾಯಿನಿಯರಾಗಬೇಕೆಂದಿರುವ ನಮ್ಮ ವಿದ್ಯಾರ್ಥಿನಿಯರಿಗೂ ಪ್ರಯೋಜನವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ನಾನು ತರಬೇತಿ ಹೊಂದಿದಾಗ ಬಿ.ಎಡ್. ಶಿಕ್ಷಣವು ಒಂದೇ ವರ್ಷದ್ದಾಗಿತ್ತು. 2015ರಿಂದ ಅದು ಎರಡು ವರ್ಷಗಳದ್ದಾಗಿ, ಶಾಲೆಗಳಲ್ಲಿ ಕಳೆಯಬೇಕಾದ ಅವಧಿಯು 20 ವಾರಗಳಿಗೆ ಏರಿತು. ಅವಧಿ ಹೆಚ್ಚಿದರೂ ಮೊದಲನೆಯ ಪಾಠದ ಅಂಜಿಕೆ ತಗ್ಗಿದಂತೆ ಕಾಣುವುದಿಲ್ಲ. ನನ್ನ ಮೊದಲನೆಯ ಪಾಠವನ್ನು ಒಂದು ಹಳ್ಳಿಯ ಶಾಲೆಯಲ್ಲಿ ಎಂಟನೆಯ ತರಗತಿಗೆ ಮಾಡಿದೆನು. ನಲವತ್ತು ನಿಮಿಷಗಳಿಗೆಂದು ಸಿದ್ಧಪಡಿಸಿದ ಪಾಠವು ಇಪ್ಪತ್ತೆರಡು ನಿಮಿಷಗಳಲ್ಲಿ ಮುಗಿದುಹೋಯಿತು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆನು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಇನ್ನೊಂದು ಸಲ ಓದಿ, ನಿಧಾನವಾಗಿ” ಎಂದಳು. ನನ್ನನ್ನು ಕಾಪಾಡಬೇಕೆಂದು ಅವಳು ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಆ ಇಪ್ಪತ್ತೆರಡು ನಿಮಿಷಗಳೂ ನಾನು ನನ್ನ ಕಡೆಗೇ ನೋಡುತ್ತಿದ್ದೆನು, ಮಕ್ಕಳ ಕಡೆಗೆ ನೋಡಿರಲಿಲ್ಲ.

ಧೈರ್ಯವು ಹುಟ್ಟಿನಿಂದ ಬರುವ ಗುಣವೆಂದು ಅನೇಕರು ತಿಳಿದಿದ್ದಾರೆ. ಅದು ಸಿದ್ಧತೆಯಿಂದ ಬರುವ ಫಲವೆಂದೇ ನನ್ನ ಅನುಭವ. ಪಾಠಟಿಪ್ಪಣಿಯಲ್ಲಿ “ನಾನು ಇದನ್ನು ವಿವರಿಸುವೆನು” ಎಂದು ಬರೆಯುವ ಬದಲು “ಪಾಠದ ಕೊನೆಗೆ ಹುಡುಗಿಯರು ಇದನ್ನು ಮಾಡಬಲ್ಲರು” ಎಂದು ಬರೆಯಿರಿ. ಉದಾಹರಣೆಗೆ, “ನಿನ್ನೆ ತಾವು ಮಾಡಿದ ಮೂರು ಕೆಲಸಗಳನ್ನು ಭೂತಕಾಲದಲ್ಲಿ ಹೇಳಬಲ್ಲರು.” ಒಂದು ಪಾಠಕ್ಕೆ ಇಂಥ ಒಂದು ಗುರಿ ಸಾಕು. ಗುರಿ ಸ್ಪಷ್ಟವಾಗಿದ್ದರೆ ನಡುವೆ ಮಾತು ಮರೆತರೂ ದಾರಿ ತಪ್ಪುವುದಿಲ್ಲ.

ಎರಡನೆಯದಾಗಿ, ಹಿಂದಿನ ರಾತ್ರಿ ಪಾಠವನ್ನು ಗಟ್ಟಿಯಾಗಿ ಓದಬೇಕು. ಕನ್ನಡದ ನಾಲಿಗೆಯು ಎಲ್ಲಿ ಎಡವುತ್ತದೆಂಬುದನ್ನು ನಾವು ಮೊದಲೇ ಬಲ್ಲೆವು. ನಮ್ಮ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ‘ಬುಕ್’ ಎಂಬುದು ‘ಬುಕ್ಕು’ ಆಗುತ್ತದೆ, ‘ಬಸ್’ ಎಂಬುದು ‘ಬಸ್ಸು’ ಆಗುತ್ತದೆ. ‘ಎಂಟು’ ಎಂಬುದನ್ನು ‘ಯೆಂಟು’ ಎಂದೂ ‘ಒಂದು’ ಎಂಬುದನ್ನು ‘ವೊಂದು’ ಎಂದೂ ಉಚ್ಚರಿಸುವ ಅಭ್ಯಾಸದಿಂದ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ತನ್ನ ನಾಲಿಗೆಯನ್ನು ತಾನೇ ತಿದ್ದಿಕೊಂಡ ಉಪಾಧ್ಯಾಯಿನಿಯು ಮಕ್ಕಳ ಎಡವುವಿಕೆಯನ್ನು ಬೇಗ ಗುರುತಿಸಬಲ್ಲಳು.

ಇನ್ನು ಮೌಲ್ಯಮಾಪನದ ವಿಷಯ. ಹೊಸಬರು ಇದನ್ನು ಪಾಠವೆಲ್ಲ ಮುಗಿದ ಮೇಲೆ ಅಂಕ ಹಾಕುವ ಕೆಲಸವೆಂದು ಭಾವಿಸುತ್ತಾರೆ. ಅದು ಪಾಠದ ಮೊದಲನೆಯ ನಿಮಿಷದಿಂದಲೇ ಆರಂಭವಾಗುತ್ತದೆ. “ಅರ್ಥವಾಯಿತೇ?” ಎಂದು ಕೇಳಿದರೆ ಇಡೀ ತರಗತಿಯು “ಹೌದು, ಟೀಚರ್” ಎನ್ನುತ್ತದೆ, ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ. ಅದಕ್ಕೆ ಬದಲಾಗಿ ಏನನ್ನಾದರೂ ಮಾಡಿಸಿ ನೋಡಬೇಕು. ಹೊಸ ಪದವನ್ನು ಸೇರಿಸಿ ಪ್ರತಿಯೊಬ್ಬಳೂ ಒಂದು ವಾಕ್ಯ ಬರೆಯಲಿ. ನೀವು ಬೆಂಚುಗಳ ನಡುವೆ ನಡೆದು ಓದಿರಿ. ಐದು ನಿಮಿಷಗಳಲ್ಲಿ ತರಗತಿಯ ಸ್ಥಿತಿ ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಒಂದು ವಿದ್ಯೆಯೇ ಸರಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ತರಗತಿಗಳನ್ನು ಪರಿಶೀಲಿಸಿ, ಉಪಾಧ್ಯಾಯರು ಪ್ರಶ್ನೆ ಹಾಕಿದ ಬಳಿಕ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದು ಕಂಡುಕೊಂಡರು. ಮೂರು ಸೆಕೆಂಡುಗಳಷ್ಟು ಕಾದಲ್ಲಿ ಉತ್ತರಗಳು ದೀರ್ಘವಾದವು, ಉತ್ತರ ಕೊಡುವ ಮಕ್ಕಳ ಸಂಖ್ಯೆಯೂ ಹೆಚ್ಚಿತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದ ನಮ್ಮ ಹುಡುಗಿಯರಿಗೆ ಇನ್ನೂ ಹೆಚ್ಚು ಸಮಯ ಸಲ್ಲಬೇಕು. ಅಂಜುವ ಶಿಕ್ಷಣಾರ್ಥಿನಿಗೆ ಮೌನವು ಅವಮಾನದಂತೆ ತೋರುತ್ತದೆ; ಆದರೆ ಆ ಮೌನದಲ್ಲಿಯೇ ಮಗುವು ಯೋಚಿಸುತ್ತಿರುತ್ತದೆ.

ಲಿಖಿತ ಕೆಲಸವನ್ನು ತಿದ್ದುವುದರಲ್ಲಿ ನಾನು ಮಾಡಿದ ತಪ್ಪೊಂದನ್ನು ಮರೆಮಾಚದೆ ಹೇಳಬೇಕು. ಅದೇ ಹಳ್ಳಿಯ ಶಾಲೆಯಲ್ಲಿ “ನಮ್ಮೂರ ಸಂತೆ” ಎಂಬ ವಿಷಯವಾಗಿ ಇಂಗ್ಲಿಷಿನಲ್ಲಿ ಬರೆಯಹೇಳಿದ್ದೆನು. ಹುಡುಗಿಯೊಬ್ಬಳು ಒಂದು ಪುಟ ತುಂಬ ಬರೆದಿದ್ದಳು: ಮೆಣಸಿನಕಾಯಿಯ ರಾಶಿ, ಬಳೆಗಾರ, ಕಳೆದುಹೋಗಿ ಸಿಕ್ಕಿದ ತಮ್ಮ. ನಾನು ಕೆಂಪು ಶಾಯಿಯಿಂದ ಮೂವತ್ತೊಂದು ಗುರುತುಗಳನ್ನು ಹಾಕಿ, ಹತ್ತಕ್ಕೆ ಮೂರು ಅಂಕ ಕೊಟ್ಟೆನು. ಮುಂದಿನ ವಾರ ಅವಳು ನಾಲ್ಕೇ ವಾಕ್ಯ ಬರೆದಳು. ನಾಲ್ಕೂ ಗೈಡಿನಿಂದ ನಕಲು ಮಾಡಿದವು, ತಪ್ಪಿಲ್ಲದವು. ನಾನು ಎಂಟು ಅಂಕ ಕೊಟ್ಟೆನು. ಪಾಠಗಳನ್ನು ವೀಕ್ಷಿಸಲು ಬಂದಿದ್ದ ನಮ್ಮ ಉಪನ್ಯಾಸಕಿಯವರು ಆ ಎರಡು ಪುಟಗಳನ್ನೂ ನನ್ನ ಮುಂದೆ ತೆರೆದಿಟ್ಟು, “ಇವುಗಳಲ್ಲಿ ಈ ಮಗುವಿನ ಇಂಗ್ಲಿಷು ಯಾವುದಮ್ಮ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ಮೂವತ್ತೊಂದು ಗುರುತುಗಳನ್ನು ವಿಂಗಡಿಸಿ ನೋಡಿದೆನು. ಬಹುಮಟ್ಟಿಗೆ ಅವೆಲ್ಲ ಮೂರೇ ಬಗೆಯವು: ಭೂತಕಾಲದ ಕ್ರಿಯಾಪದ, ‘ಎ’, ‘ದಿ’ ಎಂಬ ಪದಗಳ ಬಳಕೆ, ‘ಇನ್’, ‘ಆನ್’, ‘ಟು’ ಮುಂತಾದವುಗಳ ಬಳಕೆ. ‘ಎ’, ‘ದಿ’ಗಳಿಗೆ ಸಮನಾದುದು ಕನ್ನಡದಲ್ಲಿಲ್ಲ. ‘ಸಂತೆಗೆ’, ‘ಸಂತೆಯಲ್ಲಿ’ ಎಂದು ನಾವು ಪದದ ಹಿಂದೆ ಹಚ್ಚುವ ಪ್ರತ್ಯಯದ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಮುಂದೆ ಬರುವ ಬೇರೊಂದು ಪದ ಮಾಡುತ್ತದೆ. ಭಾಷಾಶಾಸ್ತ್ರಜ್ಞರಾದ ಎಸ್. ಪಿಟ್ ಕಾರ್ಡರ್ ಎಂಬವರು 1967ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕೈತಪ್ಪಿ ಆಗುವ ಪ್ರಮಾದವನ್ನೂ ಕಲಿಕೆಯ ಹಂತವನ್ನು ತೋರಿಸುವ ತಪ್ಪನ್ನೂ ಬೇರ್ಪಡಿಸಿ, ಎರಡನೆಯದು ಮಗು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ಉಪಾಧ್ಯಾಯರಿಗೆ ತಿಳಿಸುತ್ತದೆಂದು ತೋರಿಸಿದ್ದಾರೆ. ಆ ಹುಡುಗಿಯ ಪುಟವು ನಾನು ಮುಂದೆ ಮಾಡಬೇಕಾದ ಮೂರು ಪಾಠಗಳನ್ನು ಹೇಳುತ್ತಿತ್ತು. ನಾನು ಅದನ್ನು ಅಪರಾಧಪಟ್ಟಿಯಂತೆ ಓದಿದ್ದೆನು. ಆದುದರಿಂದ ಒಂದು ಸಲಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ತಿದ್ದಿರಿ. ಅದಕ್ಕೂ ಮೊದಲು, ಚೆನ್ನಾಗಿ ಬಂದ ಒಂದು ವಾಕ್ಯದ ಕೆಳಗೆ ಗೆರೆ ಎಳೆಯಿರಿ.

ಅಂಕಗಳನ್ನು ಕೊಡಲೇಬೇಕು, ಆದರೆ ಅವು ಕಲ್ಲಿನ ಮೇಲಿನ ಬರೆಹವಲ್ಲವೆಂಬುದು ನೆನಪಿರಲಿ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಮಿಕ್ಕ ಉಪಾಧ್ಯಾಯರಿಂದ ತಿದ್ದಿಸಿದಾಗ 64ರಿಂದ 98ರವರೆಗೆ ಬಗೆಬಗೆಯ ಅಂಕಗಳು ಬಂದವು. ಇದಕ್ಕೆ ಪರಿಹಾರವು ಸರಳವಾದುದು. ವಿಷಯಕ್ಕೆ ಎಷ್ಟು, ಕ್ರಮಕ್ಕೆ ಎಷ್ಟು, ವ್ಯಾಕರಣಕ್ಕೆ ಎಷ್ಟು, ಪದಗಳಿಗೆ ಎಷ್ಟು ಎಂಬುದನ್ನು ತಿದ್ದುವ ಮೊದಲೇ ಬರೆದಿಡಿರಿ; ಮಕ್ಕಳಿಗೂ ತಿಳಿಸಿರಿ. ಹೆಸರನ್ನು ನೋಡದೆ ತಿದ್ದಿರಿ. ಮೊದಲು ತಿದ್ದಿದ ಐದು ಪುಸ್ತಕಗಳನ್ನು ಕೊನೆಯಲ್ಲಿ ಮತ್ತೊಮ್ಮೆ ನೋಡಿರಿ. ಸಾಧ್ಯವಾದರೆ ಕೆಲವನ್ನು ಗೆಳತಿಯೊಬ್ಬಳಿಗೆ ಕೊಟ್ಟು ಹೋಲಿಸಿರಿ.

ಹೀಗೆ ನೋಡಿದರೆ ಧೈರ್ಯವೂ ಮೌಲ್ಯಮಾಪನವೂ ಬೇರೆಬೇರೆಯಲ್ಲ. ತನ್ನನ್ನೇ ನೋಡಿಕೊಳ್ಳುವವಳಿಗೆ ಅಂಜಿಕೆ ಬಿಡದು. ಮಕ್ಕಳಿಗೆ ಏನು ಬಂದಿತು, ಏನು ಬರಲಿಲ್ಲವೆಂದು ದಿನವೂ ನೋಡುವವಳಿಗೆ ನಾಳೆ ಮಾಡಬೇಕಾದ ಕೆಲಸ ತಿಳಿದಿರುತ್ತದೆ. ಕೆಲಸ ತಿಳಿದವಳಿಗೆ ಧೈರ್ಯವು ತಾನಾಗಿಯೇ ಬರುತ್ತದೆ.

ನನ್ನ ಅಭ್ಯಾಸ ಪಾಠಗಳು ಆ ವಾರವೇ ಮುಗಿದವು. ಸಂತೆಯ ಬಗ್ಗೆ ಬರೆದ ಹುಡುಗಿಯನ್ನು ಮತ್ತೆ ಕಾಣಲಿಲ್ಲ. ಅವಳು ಮತ್ತೊಮ್ಮೆ ಪುಟ ತುಂಬ ಬರೆದಳೋ ಇಲ್ಲವೋ ಅರಿಯೆನು. ಈ ಶಾಲೆಗೆ ಬರುವ ಶಿಕ್ಷಣಾರ್ಥಿನಿಯರಿಗೆ ಮೊದಲನೆಯ ದಿನವೇ ಅವಳ ಕಥೆಯನ್ನು ಹೇಳುತ್ತೇನೆ. ಅವರು ತಿದ್ದಿದ ಪುಸ್ತಕಗಳು ನನ್ನ ಮೇಜಿಗೆ ಬಂದಾಗ ನಾನು ಮೊದಲು ನೋಡುವುದು ಅಂಕಗಳನ್ನಲ್ಲ. ಎರಡನೆಯ ವಾರದಲ್ಲಿ ಮಕ್ಕಳು ಮೊದಲನೆಯ ವಾರಕ್ಕಿಂತ ಹೆಚ್ಚು ಬರೆದಿದ್ದಾರೆಯೋ ಕಡಿಮೆ ಬರೆದಿದ್ದಾರೆಯೋ ಎಂಬುದನ್ನು.