ಮುಂಬೈ ಜೀವನ: ಬಾಡಿಗೆ ಉಳಿಸಲು ದೂರ ಹೋದರೆ ಜೇಬಿಗೆ ಬೀಳುವ ಹೊರೆ ಎಷ್ಟು?

ಮುಂಬೈ: ಮಹಾನಗರಿಯಲ್ಲಿ ಸಂಸಾರ ನಡೆಸುವವರಿಗೆ ದಿನಸಿಗಿಂತ ದೊಡ್ಡ ಚಿಂತೆ ಮನೆ ಬಾಡಿಗೆ. ಗಿರ್ಗಾಂವ್, ಲಾಲ್‌ಬಾಗ್‌ನ ಹಳೇ ಚಾಳುಗಳ 'ಪಗಡಿ' ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ಇದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಅಂಥವರ ಬಾಡಿಗೆ ವರ್ಷಕ್ಕೆ ಶೇ. 4ರಷ್ಟು ಮಾತ್ರ ಏರಬಹುದು. ಹೊಸದಾಗಿ ಮನೆ ಹುಡುಕುವವರಿಗೆ ಈ ಭಾಗ್ಯವಿಲ್ಲ. ಅವರದ್ದು 11 ತಿಂಗಳ ಕರಾರು, ಮಾರುಕಟ್ಟೆ ದರ. ಹಾಗಾಗಿ ಡೊಂಬಿವಲಿ, ವಿರಾರ್ ಕಡೆ ಮುಖ ಮಾಡುತ್ತಾರೆ.

ಇಲ್ಲಿ ಕೈ ಹಿಡಿಯುವುದು ಲೋಕಲ್ ರೈಲು. ಎರಡನೇ ದರ್ಜೆಯ ಕನಿಷ್ಠ ಟಿಕೆಟ್ ಈಗಲೂ 5 ರೂಪಾಯಿ. 2025ರ ಜುಲೈನಲ್ಲಿ ರೈಲ್ವೆ ದರ ಏರಿಸಿದಾಗಲೂ ಉಪನಗರ ಟಿಕೆಟ್ ಮತ್ತು ಪಾಸ್ ದರ ಬದಲಾಗಲಿಲ್ಲ.

ಪೆಟ್ಟು ಬಿದ್ದಿರುವುದು ರೈಲು ಇಳಿದ ಮೇಲೆ. 2025ರ ಮೇ 9ರಿಂದ ಬೆಸ್ಟ್ ಬಸ್‌ನ ಕನಿಷ್ಠ ದರ 5ರಿಂದ 10 ರೂಪಾಯಿಗೆ, ಎಸಿ ಬಸ್‌ನದ್ದು 6ರಿಂದ 12ಕ್ಕೆ ಏರಿತು. ಅದೇ ಫೆಬ್ರವರಿಯಲ್ಲಿ ಆಟೋ ಕನಿಷ್ಠ ದರ 23ರಿಂದ 26 ರೂಪಾಯಿ ಆಗಿತ್ತು.

ಲೆಕ್ಕ ಹಾಕಿ ನೋಡಿ. ಕುರ್ಲಾದಲ್ಲಿ ಇಳಿದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ ಸಾದಾ ಬಸ್‌ನಲ್ಲಿ ಹೋಗಿ ಬರಲು 25 ದಿನಕ್ಕೆ 250 ರೂಪಾಯಿ ಸಾಕಿತ್ತು, ಈಗ 500 ಬೇಕು. ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ 1,000. ಸಂಬಳದಾರರಿಗೆ ಇದು ಸಣ್ಣ ಮೊತ್ತ ಎನಿಸಬಹುದು, ಆದರೆ ಕಚೇರಿ ಗುಡಿಸುವವರಿಗೆ, ಕ್ಯಾಂಟೀನ್ ಹುಡುಗರಿಗೆ ಅಲ್ಲ. ಕೇಂದ್ರದ 2023-24ರ ಸಮೀಕ್ಷೆಯಂತೆ ದೇಶದ ನಗರವಾಸಿಯೊಬ್ಬರ ತಿಂಗಳ ಸರಾಸರಿ ಖರ್ಚೇ 6,996 ರೂಪಾಯಿ. ಅದರಲ್ಲಿ ಸುಮಾರು ಶೇ. 40 ಊಟ-ತಿಂಡಿಗೇ ಹೋಗುತ್ತದೆ.

ಅಂಥವರು ಬಸ್ ಬಿಟ್ಟು ನಡೆದೇ ಹೋದರೆ ಹಣ ಉಳಿಯುತ್ತದೆ, ಆದರೆ ಮನೆಯಿಂದ ಇನ್ನೂ ಬೇಗ ಹೊರಡಬೇಕು.